ಕನ್ನಡ ಮೇಷ್ಟ್ರ ಫೀಸು

ಕರ್ನಾಟಕದೊಳಗೆ ಕನ್ನಡ ಕಲಿಸುವವರಿಗೆ ಸಂಬಳವಿದೆ, ವೇತನ ಶ್ರೇಣಿಯಿದೆ, ಬಡ್ತಿಯ ಜಗಳವಿದೆ, ವರ್ಗಾವಣೆಯ ತಲೆನೋವಿದೆ. ಗಡಿ ದಾಟಿ ಈಚೆ ಬಂದರೆ ಅದೇ ಕೆಲಸಕ್ಕೆ ‘ಸೇವೆ’ ಎಂದು ಹೆಸರು. ಸೇವೆಗೆ ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ನವೆಂಬರಿನಲ್ಲಿ ಒಂದು ಸ್ಮರಣಿಕೆಯೂ ಸಿಗುತ್ತದೆ. ಮನೆ ಬಾಡಿಗೆಗೆ ಇವು ಯಾವುವೂ ಆಗಿಬರುವುದಿಲ್ಲ.

ನಾನಿರುವುದು ನವಿಮುಂಬಯಿಯ ಮಹಾಪೆಯಲ್ಲಿ. ಕಸುಬು ಅನುವಾದ, ಯಾವ ಕಂಪನಿಯ ನೌಕರಿಯೂ ಅಲ್ಲ, ಬಂದಷ್ಟು ಕೆಲಸ, ಮಾಡಿದಷ್ಟು ದುಡ್ಡು. ಮೂರು ವರ್ಷಗಳಿಂದ ಅದರ ಜೊತೆಗೆ ಕನ್ನಡ ಕಲಿಸುತ್ತಿದ್ದೇನೆ, ಅರ್ಧ ಆನ್‌ಲೈನಿನಲ್ಲಿ, ಅರ್ಧ ಮನೆಯ ಹಾಲಿನಲ್ಲಿ. ಫೀಸು ತೆಗೆದುಕೊಳ್ಳುತ್ತೇನೆ. ‘ಕನ್ನಡಕ್ಕೂ ಫೀಸಾ?’ ಎಂದು ಕೇಳಿದವರು ಕಡಿಮೆಯೇನಿಲ್ಲ. ಅವರಲ್ಲಿ ಬಹಳ ಮಂದಿ ಮಕ್ಕಳ ಅಬಾಕಸ್ಸಿಗೆ, ಚೆಸ್ಸಿಗೆ, ಕೋಡಿಂಗಿಗೆ ತುಟಿಪಿಟಕ್ಕೆನ್ನದೆ ಕಟ್ಟುವವರು. ಅವರನ್ನು ದೂರಬೇಕೆಂದು ಇದನ್ನು ಬರೆಯುತ್ತಿಲ್ಲ. ಅವರ ಪ್ರಶ್ನೆಯ ಹಿಂದೆ ನೂರು ವರ್ಷದ ಒಂದು ಒಳ್ಳೆಯ ಸಂಪ್ರದಾಯವೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಹೊರನಾಡಿನಲ್ಲಿ ಕನ್ನಡ ಇನ್ನೊಂದು ತಲೆಮಾರು ಉಳಿಯಬೇಕಾದರೆ ಅದನ್ನು ಕಲಿಸುವುದು ಒಬ್ಬರ ಹೊಟ್ಟೆಪಾಡಾಗಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

‘ಹೊರನಾಡು’ ಒಳ್ಳೆಯ ಪದ. ಮುಂಬಯಿ, ಮಸ್ಕತ್, ನ್ಯೂಜೆರ್ಸಿ ಮೂರೂ ಅದರೊಳಗೆ ಹಿಡಿಸುತ್ತವೆ. ಪಾಸ್‌ಪೋರ್ಟ್ ಬೇಕೋ ಬೇಡವೋ ಎಂಬುದು ಈ ಪದಕ್ಕೆ ಮುಖ್ಯವಲ್ಲ. ಮಗು ಬಾಗಿಲಾಚೆ ಕಾಲಿಟ್ಟ ಕೂಡಲೇ ಕನ್ನಡ ನಿಂತುಹೋಗುತ್ತದೆಯೋ ಇಲ್ಲವೋ ಎಂಬುದಷ್ಟೇ ಲೆಕ್ಕ. ಆ ಲೆಕ್ಕದಲ್ಲಿ ನನ್ನ ಘನ್ಸೋಲಿಯ ವಿದ್ಯಾರ್ಥಿಗೂ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗೂ ದೊಡ್ಡ ವ್ಯತ್ಯಾಸವಿಲ್ಲ. ಇಬ್ಬರೂ ಅಜ್ಜಿಯ ಮಾತು ಅರ್ಥ ಮಾಡಿಕೊಳ್ಳುತ್ತಾರೆ. ಒಬ್ಬ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ, ಇನ್ನೊಬ್ಬಳು ಇಂಗ್ಲಿಷಿನಲ್ಲಿ.

ಮಹಾಪೆ ಎಂದರೆ ಹೆಚ್ಚಿನವರಿಗೆ ಎಂಐಡಿಸಿ, ಮಿಲೇನಿಯಂ ಬಿಸಿನೆಸ್ ಪಾರ್ಕು, ಶಿಳಫಾಟಾ ಕಡೆಯಿಂದ ಕಲ್ಯಾಣ–ಡೊಂಬಿವಲಿಯ ವಾಹನಗಳು ಬಂದು ಸಿಕ್ಕಿಹಾಕಿಕೊಳ್ಳುವ ರಸ್ತೆ. ಹಿಂದೆ ಹಳೆಯ ಊರೂ ಇದೆ; ಅಲ್ಲಿ ಆಗ್ರಿ ಮಾತು ಕೇಳಿಸುತ್ತದೆ, ಪುಸ್ತಕದ ಮರಾಠಿಗಿಂತ ಎಷ್ಟೋ ಗಟ್ಟಿಯಾದ ಮಾತು. ಇಲ್ಲಿ ಕನ್ನಡ ಕಲಿಯಲು ಬರುವವರು ಯಾರು ಎಂದು ಕೇಳಿದರೆ ಉತ್ತರ ನೇರವಾಗಿಲ್ಲ. ಉಡುಪಿ, ಮಂಗಳೂರು ಮೂಲದ ಮನೆಗಳ ಮಕ್ಕಳು ಇದ್ದಾರೆ, ಅವರಲ್ಲಿ ಅರ್ಧಕ್ಕರ್ಧ ಮನೆಮಾತು ತುಳು. ಐಟಿ ಪಾರ್ಕಿನಲ್ಲಿ ದುಡಿಯುವ ದೊಡ್ಡವರಿದ್ದಾರೆ: ಧಾರವಾಡದ ಹುಡುಗಿಯನ್ನು ಮದುವೆಯಾದ ನಾಗಪುರದ ಹುಡುಗ, ಅತ್ತೆ ಮಾವನೆದುರು ಮೂಕನಂತೆ ಕೂರುವುದು ಸಾಕಾಗಿ ಬಂದವನು. ಬೆಂಗಳೂರಿಗೆ ವರ್ಗವಾಗಲಿದೆ ಎಂದು ಮುಂಚಿತವಾಗಿಯೇ ನಾಲ್ಕು ಮಾತು ಕಲಿಯಲು ಬಂದವರೂ ಇದ್ದಾರೆ. ಕೊನೆಯವರದು ಸುಲಭದ ಕೆಲಸ, ದುಡ್ಡೂ ಬೇಗ ಬರುತ್ತದೆ. ಬೆಂಗಳೂರಿನಲ್ಲಿ ‘ಕನ್ನಡ ಗೊತ್ತಿಲ್ಲ’ ಎಂಬ ಹೆಸರಿನಲ್ಲೇ ವಾಟ್ಸ್‌ಆ್ಯಪ್ ಮೂಲಕ ಫೀಸು ಪಡೆದು ಕಲಿಸುವ ತರಗತಿಗಳು ವರ್ಷಗಳಿಂದ ನಡೆದಿವೆ; ಅಲ್ಲಿ ಫೀಸಿನ ಪ್ರಶ್ನೆಯೇ ಏಳಲಿಲ್ಲ. ಪರರಿಗೆ ಕಲಿಸಿದರೆ ಉದ್ಯೋಗ, ನಮ್ಮವರಿಗೆ ಕಲಿಸಿದರೆ ಸೇವೆ. ಈ ಗೆರೆಯನ್ನು ಎಳೆದವರು ಯಾರೋ!

ನಾನು ಕಲಿಸಲು ತೊಡಗಿದ್ದು ಭಾಷಾಪ್ರೇಮ ಉಕ್ಕಿ ಹರಿದು ಅಲ್ಲ ಎಂದು ಹೇಳಿಬಿಡುತ್ತೇನೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಅದನ್ನು ನೋಡಿ ನಗುತ್ತಿದ್ದೆವು, ಭಾಷಾವಿಜ್ಞಾನದ ತರಗತಿಯಲ್ಲಿ ಅದರ ತಪ್ಪುಗಳನ್ನು ಬೋರ್ಡಿನ ಮೇಲೆ ಬರೆದದ್ದೂ ಉಂಟು. ಈಗ ಏಜೆನ್ಸಿಗಳು ಯಂತ್ರ ಮಾಡಿದ ಅನುವಾದವನ್ನು ಕಳಿಸಿ ‘ಸ್ವಲ್ಪ ತಿದ್ದಿಕೊಡಿ’ ಎನ್ನುತ್ತವೆ. ದರ ಹಳೆಯದರ ಅರ್ಧಕ್ಕಿಂತ ಕಡಿಮೆ. ತಿದ್ದುವ ಕೆಲಸ ಮಾತ್ರ ಅರ್ಧ ಅಲ್ಲ. ಹೀಗೆ ಆದಾಯ ತೆಳ್ಳಗಾಗುತ್ತಿದ್ದಾಗ ಉಳಿದದ್ದು ಯಂತ್ರಕ್ಕೆ ಇನ್ನೂ ಒಗ್ಗದ ಕೆಲಸ: ಏಳು ವರ್ಷದ ಮಗುವಿನ ಎದುರು ಕೂತು ಅದರ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಹೊರಡಿಸುವುದು. ದೊಡ್ಡ ದೊಡ್ಡ ಭಾಷಾ ಆ್ಯಪುಗಳು ಕನ್ನಡದ ಕಡೆ ತಲೆ ಹಾಕಿಲ್ಲ. ಡ್ಯುಯೊಲಿಂಗೋದಲ್ಲಿ ಕಾಲ್ಪನಿಕ ಕ್ಲಿಂಗನ್ ಭಾಷೆಯ ಪಾಠವಿದೆ, ಕನ್ನಡದ್ದಿಲ್ಲ. ಅದಕ್ಕೆ ಬೇಸರಪಡಬೇಕೋ, ನನ್ನ ಅನ್ನ ಉಳಿಯಿತೆಂದು ಸಮಾಧಾನಪಡಬೇಕೋ ಇನ್ನೂ ತೀರ್ಮಾನವಾಗಿಲ್ಲ.

ಲೆಕ್ಕ ಮುಂದಿಡುತ್ತೇನೆ. ಇಂಥ ಬರಹಗಳಲ್ಲಿ ಯಾರೂ ಲೆಕ್ಕ ಹೇಳುವುದಿಲ್ಲ, ಹಾಗಾಗಿ ಹೊಸದಾಗಿ ಶುರುಮಾಡುವವರು ಕತ್ತಲಲ್ಲಿ ತಡಕಾಡುತ್ತಾರೆ. ಒಂದು ಬ್ಯಾಚಿನಲ್ಲಿ ಆರು ಮಕ್ಕಳು. ವಾರಕ್ಕೆ ಎರಡು ಪಾಠ, ತಲಾ 45 ನಿಮಿಷ. ತಿಂಗಳಿಗೆ ಮಗುವಿಗೆ 1,500 ರೂಪಾಯಿ. ಅಲ್ಲಿಗೆ ಬ್ಯಾಚಿಗೆ 9,000. ತಯಾರಿ, ಪಾಠ, ಆಮೇಲೆ ತಾಯಂದಿರಿಗೆ ಕಳಿಸುವ ಧ್ವನಿ ಸಂದೇಶಗಳು ಸೇರಿ ಒಂದು ಪಾಠಕ್ಕೆ ಎರಡು ಗಂಟೆ ಹಿಡಿಯುತ್ತದೆ. ಎಂಟು ಪಾಠಕ್ಕೆ 16 ಗಂಟೆ. ಗಂಟೆಗೆ ಸುಮಾರು 560 ರೂಪಾಯಿ ಬಿತ್ತು. ಕೇಳಲು ಚೆನ್ನಾಗಿದೆ. ನಾಲ್ಕು ಬ್ಯಾಚು ನಡೆಸಿದರೆ ತಿಂಗಳಿಗೆ 36,000. ಆದರೆ ಏಪ್ರಿಲ್ ಕೊನೆಯಿಂದ ಜೂನ್ ತನಕ ಮಕ್ಕಳೆಲ್ಲ ಊರಿಗೆ, ಮಾರ್ಚಿನಲ್ಲಿ ಪರೀಕ್ಷೆ, ಗಣಪತಿ, ದಸರಾ, ದೀಪಾವಳಿ ಸೇರಿ ಇನ್ನೊಂದಷ್ಟು ವಾರ ಖಾಲಿ. ವರ್ಷಕ್ಕೆ ಒಂಬತ್ತು ತಿಂಗಳ ಫೀಸು ಕೈಗೆ ಬಂದರೆ ಪುಣ್ಯ. ಅಂದರೆ 3,24,000, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 27,000. ನವಿಮುಂಬಯಿಯಲ್ಲಿ ಇದರ ದೊಡ್ಡ ಪಾಲು ಮನೆ ಬಾಡಿಗೆಗೇ ಹೋಗುತ್ತದೆ. ಸರಕಾರಿ ಕಾಗದಪತ್ರದ ಗೋಳು ಮಾತ್ರ ಜನ ಹೆದರಿಸುವಷ್ಟಿಲ್ಲ. ಇಪ್ಪತ್ತು ಲಕ್ಷದೊಳಗಿನ ವಹಿವಾಟಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಮಹಾರಾಷ್ಟ್ರದ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ, ಅಷ್ಟೇ.

ಪರದೇಶದ ವಿದ್ಯಾರ್ಥಿಗಳಿಂದ ಹೆಚ್ಚು ಸಿಗುತ್ತದೆ ನಿಜ, ಜೊತೆಗೆ ನಿದ್ದೆಯೂ ಕೆಡುತ್ತದೆ. ಕ್ಯಾಲಿಫೋರ್ನಿಯಾದ ಶನಿವಾರ ಸಂಜೆ ಆರು ಗಂಟೆ ಇಲ್ಲಿ ಭಾನುವಾರ ಬೆಳಗಿನ ಆರೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದೆ ಸರಿಸಿದರೆ ಏಳೂವರೆ. ವಿದ್ಯಾರ್ಥಿಗಳನ್ನು ಹುಡುಕಿಕೊಡುವ ಜಾಲತಾಣಗಳಿಗೆ ಸೇರಿದರೆ ಅವರ ಪಾಲು ಬೇರೆ. ಐಟಾಕಿ ಪ್ರತಿ ಪಾಠದಲ್ಲೂ ಶೇ. 15 ಮುರಿದುಕೊಳ್ಳುತ್ತದೆ. ಪ್ರೆಪ್ಲಿ ಮೊದಲಿಗೆ ಶೇ. 33 ಹಿಡಿದು, ನೀವು ಕಲಿಸಿದ ಗಂಟೆಗಳು ಬೆಳೆದಂತೆ ಶೇ. 18ರವರೆಗೆ ಇಳಿಸುತ್ತದೆ, ಹೊಸ ವಿದ್ಯಾರ್ಥಿಯ ಮೊದಲ ಪರೀಕ್ಷಾರ್ಥ ಪಾಠದ ಪೂರ್ತಿ ಹಣ ಅವರಿಗೇ. ಕನ್ನಡದಂಥ ಭಾಷೆಗೆ ಅಲ್ಲಿ ಬರುವವರೇ ಕೆಲವರು, ಬಂದವರು ನಾಲ್ಕು ಪಾಠಕ್ಕೆ ಬಿಟ್ಟುಹೋದರೆ ನಮಗೆ ಉಳಿಯುವುದು ಏನು? ಬಾಯಿಂದ ಬಾಯಿಗೆ ಹಬ್ಬಿದ ಸುದ್ದಿಯಿಂದ ಬಂದ ಕುಟುಂಬಗಳೇ ನಿಂತದ್ದು.

ಅಲ್ಲಿಯೇ ನೆಲೆಸಿ ಕಲಿಸುವವರ ಕತೆ ಇನ್ನೊಂದು ಬಗೆ. ಗಂಡನ ಎಚ್–1ಬಿ ವೀಸಾದ ಬೆನ್ನಿಗೆ ಎಚ್–4ರಲ್ಲಿ ಅಮೆರಿಕಕ್ಕೆ ಹೋದ ನನ್ನ ಓರಗೆಯ ಎಷ್ಟೋ ಹೆಣ್ಣುಮಕ್ಕಳು ಇಲ್ಲಿ ಎಂಎ, ಬಿಎಡ್ ಮುಗಿಸಿದವರು. ಕೆಲಸದ ಪರವಾನಗಿ ಇಲ್ಲದೆ ಅವರು ಸಂಬಳ ಪಡೆಯುವಂತಿಲ್ಲ. 2015ರಿಂದ ಆ ಪರವಾನಗಿ ಸಿಗತೊಡಗಿದ್ದೂ ಗ್ರೀನ್ ಕಾರ್ಡಿನ ದಾರಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ. ಹಾಗಾಗಿ ಭಾನುವಾರದ ಕನ್ನಡ ಶಾಲೆಗಳಿಗೆ ಓದಿದ, ತರಬೇತಿ ಪಡೆದ, ಬಿಡುವಿರುವ ಟೀಚರುಗಳು ಪುಕ್ಕಟೆಯಾಗಿ ಸಿಕ್ಕರು. ಕನ್ನಡ ಅಕಾಡೆಮಿಯಂಥ ಸಂಸ್ಥೆ ಅಮೆರಿಕದಲ್ಲಿ ಪಠ್ಯಕ್ರಮ ಕಟ್ಟಿ ಹಬ್ಬಿಸಿದ್ದು, ದುಬೈಯಲ್ಲಿ ಕನ್ನಡ ಮಿತ್ರರು ಬಳಗದವರು ಉಚಿತ ಪಾಠಶಾಲೆ ನಡೆಸಿಕೊಂಡು ಬಂದದ್ದು ಸಣ್ಣ ಕೆಲಸವಲ್ಲ, ಅವರ ಮುಂದೆ ನನ್ನ ಎರಡು ಕೈಯೂ ಜೋಡಿಸಿಯೇ ಇವೆ. ನನ್ನ ತಕರಾರು ಅವರ ಬಗ್ಗೆಯಲ್ಲ. ‘ಅವರೆಲ್ಲ ಉಚಿತವಾಗಿ ಮಾಡುತ್ತಾರಲ್ಲ’ ಎಂಬ ಮಾತು ಮಹಾಪೆಯವರೆಗೆ ತಿರುಗಿ ಬಂದು ನನ್ನ ಫೀಸಿಗೆ ಅಡ್ಡ ನಿಲ್ಲುತ್ತದಲ್ಲ, ಅದರ ಬಗ್ಗೆ. ಆ ‘ಉಚಿತ’ದ ಹಿಂದೆ ಒಬ್ಬ ಗಂಡನ ಸಂಬಳವಿದೆ, ಒಂದು ವೀಸಾದ ಕಟ್ಟುಪಾಡಿದೆ. ಹೆಂಗಸರ ಸಮಯಕ್ಕೆ ಬೆಲೆ ಕಟ್ಟದ ನಮ್ಮ ಹಳೆಯ ಅಭ್ಯಾಸವೂ ಇದೆ.

ಇನ್ನು ಆ ನೂರು ವರ್ಷದ ಸಂಪ್ರದಾಯ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಕೇಳದ ಹೊರನಾಡ ಕನ್ನಡಿಗರಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದರು, ಮುಂದೆ ಬ್ಯಾಂಕು ಸೇರಿದರು, ವಕೀಲರಾದರು, ತಮ್ಮದೇ ಹೋಟೆಲು ತೆರೆದರು. 1902ರಲ್ಲೇ ಕಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಈ ಕೆಲಸದಲ್ಲಿ ಮುಂದಿತ್ತು. 1926ರ ಮೈಸೂರು ಅಸೋಸಿಯೇಷನ್, ವಡಾಲದ ಎನ್‌ಕೆಇಎಸ್, ಡೊಂಬಿವಲಿಯ ಕರ್ನಾಟಕ ಸಂಘ ಕಟ್ಟಿದ ಮಂಜುನಾಥ ಹೆಸರಿನ ವಿದ್ಯಾಸಂಸ್ಥೆಗಳು ಎಲ್ಲವೂ ಇಂಥದೇ ಹುಮ್ಮಸ್ಸಿನ ಫಲ. ಹುಡುಗರಿಗೆ ಕಲಿಕೆ ಬಿಟ್ಟಿ ಅಥವಾ ಬಿಟ್ಟಿಗೆ ಸಮೀಪ ಇತ್ತು. ದುಡ್ಡನ್ನು ಮಂಡಳಿಗಳು, ದಾನಿಗಳು ಹೊತ್ತರು. ಎಷ್ಟೋ ಕಡೆ ಮುಂದೆ ಸರಕಾರದ ಅನುದಾನ ಬಂತು. ಅಂದರೆ ಮೇಷ್ಟ್ರಿಗೆ ಯಾರೋ ಕೊಡುತ್ತಿದ್ದರು. ಶಾಲೆ ಎಂಬ ಕಟ್ಟಡ, ಹಾಜರಿ ಪುಸ್ತಕ, ಪರೀಕ್ಷೆ, ಪಗಾರ ಇದ್ದುದರಿಂದಲೇ ಅದು ದಶಕಗಟ್ಟಲೆ ನಡೆಯಿತು.

ಆ ವ್ಯವಸ್ಥೆ ಈಗ ಕರಗಿದೆ. ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿವೆ, ಇಲ್ಲವೇ ಇಂಗ್ಲಿಷಿಗೆ ತಿರುಗಿವೆ. ಹೋಟೆಲಿನ ಹುಡುಗನ ಮೊಮ್ಮಗ ಐಸಿಎಸ್‌ಇ ಶಾಲೆಯಲ್ಲಿದ್ದಾನೆ. ಮಹಾರಾಷ್ಟ್ರದ 2020ರ ಕಾನೂನಿನಂತೆ ಅವನಿಗೆ ಮರಾಠಿ ಕಡ್ಡಾಯ, ಇಂಗ್ಲಿಷ್ ಇದ್ದೇ ಇದೆ, ಹಿಂದಿಯನ್ನು ಬೀದಿಯೂ ಟಿವಿಯೂ ಕಲಿಸುತ್ತವೆ. ಮರಾಠಿಯ ಬಗ್ಗೆ ನನ್ನದೇನೂ ಆಕ್ಷೇಪವಿಲ್ಲ. ಈ ನೆಲದ ಭಾಷೆ, ಮಕ್ಕಳು ಕಲಿಯಬೇಕು. ಬೆಂಗಳೂರಿನಲ್ಲಿ ಕನ್ನಡ ಕಲಿಯಿರಿ ಎಂದು ಹೇಳುವ ನಾವು ಇಲ್ಲಿ ಬೇರೆ ರಾಗ ಹಾಡಿದರೆ ಚೆನ್ನಾಗಿರುವುದಿಲ್ಲ. ಹೀಗೆ ಕನ್ನಡಕ್ಕೆ ಸಿಕ್ಕುವುದು ನಾಲ್ಕನೆಯ ಜಾಗ, ಅದೂ ಶಾಲೆಯ ಹೊರಗೆ, ಈಜು ತರಗತಿಗೂ ರಾತ್ರಿಯೂಟಕ್ಕೂ ನಡುವಿನ ಮುಕ್ಕಾಲು ಗಂಟೆ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ತಾಯಿನುಡಿ ಎಂದು ಬರೆಸಿದವರು ಸುಮಾರು 10 ಲಕ್ಷ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ನೆಲದ ಕನ್ನಡಿಗರು ಅದರಲ್ಲಿದ್ದಾರೆ. ಅವರ ಶಾಲೆಗಳ ಕತೆ ಬೇರೆಯೇ. ಮಹಾನಗರದ ಮಕ್ಕಳ ವಿಷಯಕ್ಕೆ ಬಂದರೆ ಮನೆಯಲ್ಲಿ ಬರೆಸಿದ ತಾಯಿನುಡಿಗೂ ಮಗು ಓದಬಲ್ಲ ಭಾಷೆಗೂ ನಂಟು ಕಡಿದುಹೋಗಿರುವುದನ್ನು ವಾರಕ್ಕೆರಡು ಬಾರಿ ಎದುರೇ ಕಾಣುತ್ತೇನೆ.

ಮುಕ್ಕಾಲು ಗಂಟೆಯಲ್ಲಿ ಏನು ನಡೆಯುತ್ತದೆ ಎಂದು ಸ್ವಲ್ಪ ವಿವರಿಸಬೇಕು. ‘ಕನ್ನಡ ಬರುತ್ತಲ್ಲ, ಕಲಿಸೋದೇನು ಮಹಾ’ ಎಂಬ ಭಾವನೆಯೇ ಫೀಸಿನ ಪ್ರಶ್ನೆಯ ಬೇರು. ನನ್ನ ಮಕ್ಕಳಿಗೆ ದೇವನಾಗರಿ ಗೊತ್ತು. ಅದು ವರವೂ ಹೌದು, ತೊಡಕೂ ಹೌದು. ಕ ಖ ಗ ಘ ಸಾಲು ಹೊಸದಾಗಿ ಕಲಿಸಬೇಕಿಲ್ಲ. ಹಿಂದಿಯಲ್ಲಿಲ್ಲದ ಳ ಮರಾಠಿಯಲ್ಲಿದೆ, ಹಾಗಾಗಿ ‘ಮಳೆ’, ‘ಹೊಳೆ’ ಸಲೀಸು. ಆದರೆ ಮರಾಠಿಯಲ್ಲಿ ಎ–ಏ, ಒ–ಓ ಭೇದವಿಲ್ಲ. ‘ಕೊಡು’ ಮತ್ತು ‘ಕೋಡು’, ‘ಬೆರೆ’ ಮತ್ತು ‘ಬೇರೆ’ ಅವರ ಕಿವಿಗೆ ಒಂದೇ. ಇದನ್ನು ಬರೆಸುವ ಮುಂಚೆ ಕೇಳಿಸಬೇಕು, ಚಪ್ಪಾಳೆ ತಟ್ಟಿಸಬೇಕು, ವಾರಗಟ್ಟಲೆ. ಒತ್ತಕ್ಷರ ಇನ್ನೊಂದು ಪರ್ವತ. ದೇವನಾಗರಿಯಲ್ಲಿ ಮೊದಲ ವ್ಯಂಜನ ಅರ್ಧವಾಗುತ್ತದೆ, ಎರಡನೆಯದು ಪೂರ್ತಿ. ನಮ್ಮಲ್ಲಿ ಮೊದಲನೆಯದು ಪೂರ್ತಿ ನಿಂತು ಎರಡನೆಯದು ಕೆಳಗಿಳಿಯುತ್ತದೆ. ಇಷ್ಟು ಸಾಲದೆಂಬಂತೆ ಎರಡನೆಯದರ ಸ್ವರ ಮೇಲಿನವನ ತಲೆಗೇರುತ್ತದೆ. ‘ಅಕ್ಕಿ’ಯ ಗುಡಿಸು ಯಾಕೆ ಮೇಲಿನ ಕ–ದ ಮೇಲೆ ಎಂದು ಎಂಟು ವರ್ಷದ ಹುಡುಗಿ ಕೇಳಿದರೆ ‘ಹಾಗೇ ಬರೆಯೋದು’ ಎನ್ನುವುದು ಒಂದು ದಾರಿ. ಇನ್ನು ‘ಸೂರ್ಯ’ದ ಅರ್ಕಾವತ್ತು: ಮೊದಲು ಉಚ್ಚರಿಸಿ ಆಮೇಲೆ ಬರೆಯುವ ಆ ರೇಫವನ್ನು ದೇವನಾಗರಿಯ ಮೇಲಿನ ಕೊಕ್ಕೆಗೆ ಹೋಲಿಸಿ ತೋರಿಸಿದರೆ ಅರ್ಧ ನಿಮಿಷದಲ್ಲಿ ದಾರಿಗೆ ಬರುತ್ತಾರೆ. ಬೆಂಗಳೂರಿನಲ್ಲಿ ಅಚ್ಚಾದ ಯಾವ ಬಾಲಬೋಧೆಯಲ್ಲೂ ಈ ಹೋಲಿಕೆ ನನಗೆ ಸಿಗಲಿಲ್ಲ, ಸಿಗುವ ಕಾರಣವೂ ಇಲ್ಲ. ಅದು ಅಲ್ಲಿಯ ಮಕ್ಕಳಿಗೆ ಬರೆದ ಪುಸ್ತಕ.

ವಾಕ್ಯಕ್ಕೆ ಬಂದರೆ ಮರಾಠಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ‘ಯೇತೋ ಮ್ಹಣೂನ್ ಸಾಂಗಿತಲಂ’ ಎಂಬುದರ ಪದಕ್ಕೆ ಪದ ಇಟ್ಟರೆ ‘ಬರ್ತೀನಿ ಅಂತ ಹೇಳಿದ’ ಬಂದುಬಿಡುತ್ತದೆ. ‘ಅನ್ನು’ ಎಂಬ ಕ್ರಿಯಾಪದದಿಂದ ನಮ್ಮ ‘ಅಂತ’ ಹುಟ್ಟಿದಂತೆಯೇ ‘ಮ್ಹಣ್’ನಿಂದ ಅವರ ‘ಮ್ಹಣೂನ್’ ಹುಟ್ಟಿದೆ. ನೂರಾರು ವರ್ಷ ಅಕ್ಕಪಕ್ಕ ಬದುಕಿದ ಭಾಷೆಗಳು ಹೀಗೆ ಒಂದರ ಎಲುಬು ಇನ್ನೊಂದಕ್ಕೆ ಕೊಡುತ್ತವೆ. ಸಾಂಗ್ಲಿ ಜಿಲ್ಲೆಯ ಕುಪವಾಡದ ಕನ್ನಡ, ಮರಾಠಿ, ಉರ್ದು ಮೂರೂ ವ್ಯಾಕರಣದಲ್ಲಿ ಎಷ್ಟು ಒಂದಾಗಿವೆ ಎಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದ ಲೇಖನ ಭಾಷಾವಿಜ್ಞಾನ ಓದಿದವರಿಗೆಲ್ಲ ಪರಿಚಿತ. ಎಂಎ ಪರೀಕ್ಷೆಗೆಂದು ಓದಿದ ಅದು ನಾಗಪುರದ ಅಳಿಯನಿಗೆ ಕನ್ನಡ ಕಲಿಸುವಾಗ ಉಪಯೋಗಕ್ಕೆ ಬಂತು. ಅವನಿಗೆ ಇಂಗ್ಲಿಷ್ ಮೂಲಕ ಕಲಿಸಿದ್ದರೆ ಆರು ತಿಂಗಳು ಬೇಕಿತ್ತು, ಮರಾಠಿ ಮೂಲಕ ಎರಡೂವರೆ ಸಾಕಾಯಿತು.

ಯಾವ ಕನ್ನಡ ಎಂಬ ಪ್ರಶ್ನೆಯಂತೂ ಮುಗಿಯುವುದೇ ಇಲ್ಲ. ನಾನು ‘ಹೋಗಬೇಕು’ ಎಂದು ಕಲಿಸುತ್ತೇನೆ, ಕುಂದಾಪುರದ ಅಜ್ಜಿ ‘ಹೋಯ್ಕ್’ ಎನ್ನುತ್ತಾರೆ, ಬಾಗಲಕೋಟೆಯ ಅಜ್ಜ ‘ಹೋಗ್ಬೇಕ್ರಿ’. ಪುಸ್ತಕದ ಕನ್ನಡ ಒಪ್ಪಿಸಿದ ಮಗು ಊರಿಗೆ ಹೋಗಿ ನಗೆಪಾಟಲಾದರೆ ಅದು ಮತ್ತೆ ಬಾಯಿ ತೆರೆಯುವುದಿಲ್ಲ. ಅದಕ್ಕೇ ಪ್ರತಿ ಮನೆಯಿಂದ ಅಜ್ಜಿ ಅಜ್ಜನ ಹತ್ತು ನಿಮಿಷದ ಮಾತು ರೆಕಾರ್ಡು ಮಾಡಿ ತರಿಸುತ್ತೇನೆ; ಕೇಳುವ ಪಾಠ ಅದರಿಂದ, ಓದುವ ಪಾಠ ಪುಸ್ತಕದಿಂದ. ತುಳು ಮನೆಗಳಲ್ಲಿ ಇದು ಇನ್ನೂ ಸೂಕ್ಷ್ಮ. ಅವರಿಗೆ ಕನ್ನಡ ಅಜ್ಜಿಯ ಮಾತಲ್ಲ. ಪತ್ರಿಕೆಯ, ಯಕ್ಷಗಾನದ, ಮದುವೆ ಕಾಗದದ ಭಾಷೆ. ಮೊದಲು ತುಳು ಮಾತಾಡಲಿ, ಕನ್ನಡ ಆಮೇಲೆ ನೋಡೋಣ ಎಂದು ಎರಡು ಮನೆಗಳಿಗೆ ಹೇಳಿ ಕಳಿಸಿದ್ದೇನೆ. ವ್ಯಾಪಾರದ ದೃಷ್ಟಿಯಿಂದ ಪೆದ್ದುತನ. ಇರಲಿ.

ಇಷ್ಟೆಲ್ಲ ಯೋಚಿಸಿ ಕೆಲಸ ಮಾಡಲು ಒಬ್ಬರಿಗೆ ಹೊತ್ತು ಬೇಕು, ಹೊತ್ತಿಗೆ ದುಡ್ಡು ಬೇಕು. ಭಾನುವಾರ ಬಿಡುವಾದಾಗ ಬಂದು ಕಲಿಸುವವರಿಂದ ಅಕ್ಷರಮಾಲೆ ಮುಗಿಯುತ್ತದೆ, ಒಂದು ನಾಡಗೀತೆಯೂ ಆಗುತ್ತದೆ. ಮುಂದಿನ ಮೆಟ್ಟಿಲಿಗೆ ಬೇಕಾದ ಪಠ್ಯ ತಯಾರಾಗುವುದಿಲ್ಲ. ದುಡ್ಡಿಗೆ ಕನ್ನಡ ಕಲಿಸುವುದು ನಮ್ಮ ಸಂಸ್ಕೃತಿಯಲ್ಲವೆಂಬ ಮಾತು ಇತಿಹಾಸಕ್ಕೂ ಹೊಂದುವುದಿಲ್ಲ. 1812ರಲ್ಲಿ ಮದರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಶುರುವಾದಾಗ ಕಂಪನಿಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಿದವರು ಸಂಬಳದ ಮುನ್ಷಿಗಳು. ಜಾನ್ ಮೆಕೆರೆಲ್‌ನ ಕನ್ನಡ ವ್ಯಾಕರಣ 1820ರಲ್ಲಿ ಅಲ್ಲಿಂದಲೇ ಹೊರಬಂತು. ಬಿಳಿಯರು ಕೊಟ್ಟ ಸಂಬಳದಿಂದ ಮುನ್ಷಿಗಳ ಕನ್ನಡವೇನೂ ಮೈಲಿಗೆಯಾಗಲಿಲ್ಲ.

ಫೀಸಿನಿಂದ ಕೆಡುಕಾಗುವುದೇ ಇಲ್ಲವೆಂದು ನಾನು ವಾದಿಸಲಾರೆ. ದುಡ್ಡು ಕೊಟ್ಟವರು ಗಿರಾಕಿಗಳಾಗುತ್ತಾರೆ. ‘ಮೇಡಂ, ಮೂರು ತಿಂಗಳಾಯ್ತು, ಇನ್ನೂ ಮಾತಾಡ್ತಿಲ್ಲ’ ಎಂಬ ಸಂದೇಶ ಬರುತ್ತದೆ. ಮನೆಯಲ್ಲಿ ನೀವಿಬ್ಬರೂ ಯಾವ ಭಾಷೆ ಮಾತಾಡುತ್ತೀರಿ ಎಂದು ಮರುಪ್ರಶ್ನೆ ಹಾಕಿದರೆ ಎರಡು ದಿನ ಮೌನ. ಸರ್ಟಿಫಿಕೇಟು ಕೇಳುತ್ತಾರೆ. ಕೊಡುವುದಿಲ್ಲ, ನಾನು ಕೊಟ್ಟ ಕಾಗದಕ್ಕೆ ಯಾವ ಬೆಲೆಯೂ ಇಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಬೆಳಗ್ಗೆ ನಾಕಾದಲ್ಲಿ ಕೂಲಿಗಾಗಿ ನಿಂತಿರುತ್ತಾರೆ. ನವಿಮುಂಬಯಿಯಲ್ಲಿ ದಿನವಿಡೀ ಕನ್ನಡವನ್ನೇ ಉಸಿರಾಡುವವರು ಯಾರಾದರೂ ಇದ್ದರೆ ಅವರೇ. ಅವರ ಮಕ್ಕಳಿಗೆ ಮಾತು ಬೇಕಾದಷ್ಟಿದೆ, ಅಕ್ಷರ ಇಲ್ಲ. ಅವರಿಂದ 1,500 ಕೇಳುವ ಮುಖ ಯಾರಿಗಿದೆ? ಅಂಥ ನಾಲ್ಕು ಮಕ್ಕಳು ಎರಡು ತಿಂಗಳು ನನ್ನ ಹಾಲಿಗೆ ಬಂದರು, ದುಡ್ಡಿನ ಮಾತೇ ಇರಲಿಲ್ಲ. ಸೈಟು ಬದಲಾಯಿತು, ಮಕ್ಕಳೂ ಹೋದರು, ಪನ್ವೇಲ್ ಕಡೆ ಎಂದು ಕೇಳಿದೆ. ಅವರಿಗೆ ಬೇಕಾದದ್ದು ಸೈಟಿನಿಂದ ಸೈಟಿಗೆ ಬೆನ್ನಟ್ಟಿ ಹೋಗಬಲ್ಲ ಪಗಾರದ ಮೇಷ್ಟ್ರು. ಒಬ್ಬರ ಉದಾರತನದಿಂದ ಆಗುವಂಥದ್ದಲ್ಲ ಅದು.

ಇಲ್ಲಿ ನಮ್ಮ ಸಂಘಗಳ ಮುಂದೆ ಒಂದು ಮಾತು ಇಡಬೇಕೆನಿಸುತ್ತದೆ. ವಾಶಿಯಿಂದ ಡೊಂಬಿವಲಿವರೆಗೆ ಕನ್ನಡ ಸಂಘಗಳಿವೆ, ಕೆಲವಕ್ಕೆ ಸ್ವಂತ ಸಭಾಂಗಣಗಳಿವೆ, ರಾಜ್ಯೋತ್ಸವಕ್ಕೆ ಊರಿನಿಂದ ಕಲಾವಿದರನ್ನು ಕರೆಸುವ ಶಕ್ತಿಯಿದೆ. ಆ ಒಂದು ಸಂಜೆಯ ಖರ್ಚಿನ ಒಂದು ಪಾಲನ್ನು ತೆಗೆದಿಟ್ಟರೂ ಒಬ್ಬ ಮೇಷ್ಟ್ರಿಗೋ ಟೀಚರಿಗೋ ವರ್ಷದ ಪಗಾರಕ್ಕೆ ದಾರಿಯಾಗುತ್ತದೆ. ಕೊಡಬಲ್ಲವರು ಫೀಸು ಕೊಡಲಿ, ಕೊಡಲಾಗದವರ ಪಾಲು ಸಂಘ ತುಂಬಲಿ, ಕಲಿಸುವವರು ಮಾತ್ರ ಬಿಟ್ಟಿ ದುಡಿಯದಿರಲಿ. ಸಭಾಂಗಣದ ಲೈಟಿನವರಿಗೂ ಮೈಕಿನವರಿಗೂ ನಾವು ಕೊಡುತ್ತೇವೆ, ಊಟದ ಕ್ಯಾಟರಿಂಗಿನವರಿಗೆ ಮುಂಗಡವನ್ನೇ ಕೊಡುತ್ತೇವೆ. ಕಳೆದ ಸಲ ಇದನ್ನು ಒಂದು ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ಎದ್ದು ‘ನಿಮ್ಮಂಥ ಯುವಕರು ಮುಂದೆ ಬರಬೇಕಮ್ಮ’ ಎಂದರು. ಚಪ್ಪಾಳೆಯಾಯಿತು. ಪಗಾರದ ವಿಷಯ ಯಾವ ನಡಾವಳಿಗೂ ಏರಲಿಲ್ಲ.

ಅನುವಾದದ ಕೆಲಸ ಬಿಟ್ಟಿಲ್ಲ, ಬಿಡುವಷ್ಟು ಪಾಠದಿಂದ ಹುಟ್ಟುತ್ತಿಲ್ಲ. ದೇವನಾಗರಿ ಬಲ್ಲ ಮಕ್ಕಳಿಗೆಂದೇ ಒಂದು ಕನ್ನಡ ಓದುಪುಸ್ತಕ ಬರೆಯುತ್ತಿದ್ದೇನೆ, ಒತ್ತಕ್ಷರದ ಅಧ್ಯಾಯದಲ್ಲಿ ನಿಂತಿದೆ. ಜೂನ್ ಮೂರನೇ ವಾರ, ಊರಿಗೆ ಹೋದವರೆಲ್ಲ ಮರಳಿದ ಮೇಲೆ, ಹೊಸ ಬ್ಯಾಚು ಶುರುವಾಗುತ್ತದೆ. ಫೀಸು ಈ ವರ್ಷದಿಂದ 1,800.